ನಾಲ್ಕೂವರೆ ಸಾವಿರ ಜನರ ಕೈಯಲ್ಲಿ ಒಂದು ದೇಶ: ಎಎನ್‌ಸಿಯೊಳಗಿನ ಮತಕ್ಕೆ ಬೆಲೆ ಬಂದದ್ದು ಹೇಗೆ?

ದಕ್ಷಿಣ ಆಫ್ರಿಕಾದ ಸುದ್ದಿ ಓದುವವರಿಗೆ ಈಗ ಗೊಂದಲ ಆಗುವುದು ಸಹಜ. ಅಧ್ಯಕ್ಷ ಸಿರಿಲ್ ರಾಮಫೋಸಾ ಅವರ ಅವಧಿ 2029ರವರೆಗೆ ಇದೆ. ಆದರೂ ಅಲ್ಲಿನ ಚರ್ಚೆಯೆಲ್ಲ ಅವರ ಪಕ್ಷದ ಸಮ್ಮೇಳನ ಸೇರಬೇಕಾದ 2027ರ ಡಿಸೆಂಬರ್ ಸುತ್ತ ತಿರುಗುತ್ತಿದೆ. ಉಪಾಧ್ಯಕ್ಷ ಪಾಲ್ ಮಷಾಟಿಲೆ ಮುಂದಿನವರಂತೆ, ಇಲ್ಲ ಪಕ್ಷದ ಪ್ರಧಾನ ಕಾರ್ಯದರ್ಶಿ ಫಿಕಿಲೆ ಎಂಬಲೂಲಾ ಅಂತೆ. ಇವರ ನಡುವೆ ಗಣಿ ಉದ್ಯಮಿ, ಕೋಟ್ಯಧಿಪತಿ ಪ್ಯಾಟ್ರಿಸ್ ಮೊಟ್ಸೆಪೆ ಹೆಸರೂ ತೇಲಿ ಬಂದಿದೆ. ಅವರು ಸಚಿವರಾಗಿದ್ದವರಲ್ಲ, ಪಕ್ಷದ ಪದಾಧಿಕಾರಿಯೂ ಅಲ್ಲ. ರಾಮಫೋಸಾ ಅವರ ಹೆಂಡತಿಯ ತಮ್ಮ. ನನಗೆ ಆಸಕ್ತಿಯಿಲ್ಲ ಅಂತ ಅವರು ಹೇಳಿದ ಮೇಲೂ ಹೆಸರು ಅಳಿಸಿಹೋಗಿಲ್ಲ.

ಹಾಗಾದರೆ 2029ರ ಕುರ್ಚಿಗೆ 2027ರಲ್ಲೇ ಯಾಕೆ ಪೈಪೋಟಿ? ಚುನಾವಣೆಯನ್ನೇ ಎದುರಿಸದ ಒಬ್ಬ ಶ್ರೀಮಂತನ ಹೆಸರನ್ನು ಜನ ಯಾಕೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ಎರಡಕ್ಕೂ ಉತ್ತರ ಇರುವುದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಎಎನ್‌ಸಿ ತನ್ನ ನಾಯಕನನ್ನು ಆರಿಸಿಕೊಳ್ಳುವ ರೀತಿಯಲ್ಲಿ.

ಅಧ್ಯಕ್ಷರನ್ನು ಆರಿಸುವವರು ಯಾರು?

ದಕ್ಷಿಣ ಆಫ್ರಿಕಾದಲ್ಲಿ ಜನ ಅಧ್ಯಕ್ಷರಿಗೆ ನೇರವಾಗಿ ಮತ ಹಾಕುವುದಿಲ್ಲ. ಪಕ್ಷಕ್ಕೆ ಹಾಕುತ್ತಾರೆ. ಪಕ್ಷ ಪಡೆದ ಶೇಕಡಾವಾರು ಮತದ ಪ್ರಕಾರ 400 ಸ್ಥಾನಗಳ ಸಂಸತ್ತಿನ ಕೆಳಮನೆಯಲ್ಲಿ ಅದಕ್ಕೆ ಪಾಲು ಸಿಗುತ್ತದೆ. ಒಳಗೆ ಯಾರು ಕೂರಬೇಕು ಅನ್ನುವ ಪಟ್ಟಿಯನ್ನು ಪಕ್ಷವೇ ಮೊದಲೇ ಬರೆದಿಟ್ಟಿರುತ್ತದೆ. ಆ ಸಂಸದರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ.

1994ರಿಂದ 2024ರವರೆಗೆ ಎಎನ್‌ಸಿಗೆ ಸ್ಪಷ್ಟ ಬಹುಮತ ಇತ್ತು. 2004ರಲ್ಲಂತೂ ಸುಮಾರು ಶೇ 70ರಷ್ಟು ಮತ. ಹಾಗಾಗಿ ಎಎನ್‌ಸಿಯ ಮುಖ್ಯಸ್ಥ ಯಾರೋ ಅವರೇ ದೇಶದ ಅಧ್ಯಕ್ಷ, ಸಂಸತ್ತಿನ ಮತದಾನ ಬರೀ ವಿಧಿ. ನಿಜವಾದ ಆಯ್ಕೆ ನಡೆಯುತ್ತಿದ್ದದ್ದು ಐದು ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಸೇರುವ ಪಕ್ಷದ ಸಮ್ಮೇಳನದಲ್ಲಿ. 2017ರ ಸಮ್ಮೇಳನದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬಿದ್ದ ಮತ 4,701. ಐದೂವರೆ ಕೋಟಿಗೂ ಜಾಸ್ತಿ ಜನರಿರುವ ದೇಶದ ಅಧ್ಯಕ್ಷಗಿರಿ ತೀರ್ಮಾನವಾದದ್ದು ಅಷ್ಟರಲ್ಲೇ.

ಇಲ್ಲೊಂದು ಕಾಲದ ತೊಡಕೂ ಇದೆ. ಪಕ್ಷದ ಸಮ್ಮೇಳನ ನಡೆದು ಸುಮಾರು ಒಂದೂವರೆ ವರ್ಷದ ಮೇಲೆ ಸಾರ್ವತ್ರಿಕ ಚುನಾವಣೆ. ಅಷ್ಟೂ ಕಾಲ ದೇಶದ ಅಧ್ಯಕ್ಷ ಒಬ್ಬ, ಪಕ್ಷದ ಅಧ್ಯಕ್ಷ ಇನ್ನೊಬ್ಬ ಆಗಿರಬಹುದು. ಒಂದೇ ಪಕ್ಷದಲ್ಲಿ ಎರಡು ಅಧಿಕಾರ ಕೇಂದ್ರ ಇದ್ದರೆ ಹಳೆಯವರು ಉಳಿಯುವುದು ಕಷ್ಟ. ಆಗಿನ ಅಧ್ಯಕ್ಷ ಥಾಬೊ ಎಂಬೆಕಿ 2007ರ ಡಿಸೆಂಬರ್‌ನಲ್ಲಿ ಪೊಲೊಕ್ವಾನೆ ಸಮ್ಮೇಳನದಲ್ಲಿ ಸೋತರು, 2008ರ ಸೆಪ್ಟೆಂಬರ್‌ನಲ್ಲಿ ಪಕ್ಷದ ರಾಷ್ಟ್ರೀಯ ಕಾರ್ಯಕಾರಿ ಸಮಿತಿ ಅವರನ್ನು ಅಧ್ಯಕ್ಷ ಸ್ಥಾನದಿಂದ ವಾಪಸ್ ಕರೆಸಿಕೊಂಡಿತು. ಅಲ್ಲಿ ಗೆದ್ದು ಮುಂದೆ ದೇಶದ ಅಧ್ಯಕ್ಷರೂ ಆದ ಜೇಕಬ್ ಜುಮಾ ಅವರ ಪಕ್ಷಾಧ್ಯಕ್ಷತೆಯ ಅವಧಿ ಮುಗಿದದ್ದು 2017ರ ಡಿಸೆಂಬರ್‌ಗೆ, ರಾಜೀನಾಮೆ ಕೊಟ್ಟದ್ದು 2018ರ ಫೆಬ್ರವರಿ 14ಕ್ಕೆ. ಇಬ್ಬರನ್ನೂ ಇಳಿಸಿದ್ದು ಮತದಾರರೂ ಅಲ್ಲ, ಸಂಸತ್ತೂ ಅಲ್ಲ. ರಾಮಫೋಸಾ 2029ರವರೆಗೆ ಇರುತ್ತಾರೋ ಇಲ್ಲವೋ ಅನ್ನುವ ಅನುಮಾನ ಹುಟ್ಟುವುದೂ ಇದೇ ಕಾರಣಕ್ಕೆ.

ನೂರು ಸದಸ್ಯರ ಶಾಖೆ

ಸಮ್ಮೇಳನಕ್ಕೆ ಬರುವ ಪ್ರತಿನಿಧಿಗಳಲ್ಲಿ ಸುಮಾರು ಶೇ 90ರಷ್ಟು ಜನ ಸ್ಥಳೀಯ ಶಾಖೆಗಳಿಂದ ಬರುತ್ತಾರೆ. ಒಂದು ಶಾಖೆ ಅಂತ ಮಾನ್ಯವಾಗಲು ಕನಿಷ್ಠ 100 ಸದಸ್ಯರು ಬೇಕು. ಶಾಖೆಯ ಸಭೆ ಸೇರಬೇಕು, ಕೋರಂ ಇರಬೇಕು, ಯಾರಿಗೆ ಬೆಂಬಲ ಅಂತ ನಾಮನಿರ್ದೇಶನ ಮಾಡಬೇಕು, ಪ್ರತಿನಿಧಿಯನ್ನು ಆರಿಸಿ ಕಳಿಸಬೇಕು. ಸಮ್ಮೇಳನದಲ್ಲಿ ಮತದಾನ ಗುಪ್ತ. ಎಣಿಕೆ ನಡೆಯುತ್ತದೆ, ಸೋತವರು ಸೋಲುತ್ತಾರೆ.

ಇದನ್ನು ಹಗುರವಾಗಿ ನೋಡಬಾರದು. ಅಧಿಕಾರದಲ್ಲಿದ್ದ ಅಧ್ಯಕ್ಷನೇ ಪೊಲೊಕ್ವಾನೆಯಲ್ಲಿ 1,505ಕ್ಕೆ 2,329 ಮತಗಳಿಂದ ತನ್ನದೇ ಪಕ್ಷದ ಕಾರ್ಯಕರ್ತರ ಕೈಯಲ್ಲಿ ಸೋತರು. ಸ್ವಾತಂತ್ರ್ಯ ಹೋರಾಟದಿಂದ ಬಂದು ಆಡಳಿತ ಹಿಡಿದ ಆಫ್ರಿಕಾದ ಎಷ್ಟು ಪಕ್ಷಗಳಲ್ಲಿ ಇದು ಸಾಧ್ಯ ಹೇಳಿ? ಪಕ್ಕದ ಜಿಂಬಾಬ್ವೆಯಲ್ಲಿ ರಾಬರ್ಟ್ ಮುಗಾಬೆಯನ್ನು ಇಳಿಸಲು 2017ರಲ್ಲಿ ಸೇನೆ ಬೀದಿಗೆ ಬರಬೇಕಾಯಿತು.

ತೊಂದರೆ ಇರುವುದು ಬೇರೆ ಕಡೆ. ಪಕ್ಷದ ಸದಸ್ಯತ್ವ ಶುಲ್ಕ ವರ್ಷಕ್ಕೆ 20 ರ‍್ಯಾಂಡ್ ಇದ್ದ ಕಾಲದ ಲೆಕ್ಕವನ್ನೇ ಹಾಕಿ. ನೂರು ಜನರ ಹೆಸರಲ್ಲಿ ಯಾರಾದರೂ ದುಡ್ಡು ಕಟ್ಟಿದರೆ 2,000 ರ‍್ಯಾಂಡ್. ಅಷ್ಟಕ್ಕೆ ಕಾಗದದ ಮೇಲೆ ಒಂದು ಶಾಖೆ ಸಿದ್ಧ. ಶಾಖೆ ಇದ್ದರೆ ಪ್ರತಿನಿಧಿ. ಪ್ರತಿನಿಧಿ ಇದ್ದರೆ ದೇಶದ ಅಧ್ಯಕ್ಷರನ್ನು ಆರಿಸುವ ಕೆಲವೇ ಸಾವಿರ ಮತಗಳಲ್ಲಿ ಒಂದು. ಇಷ್ಟು ಅಗ್ಗದ ಮತಕ್ಕೆ ಇಷ್ಟು ದೊಡ್ಡ ಫಲ ಸಿಗುವಾಗ ದುಡ್ಡಿರುವವರು ಸುಮ್ನೆ ಕೂರುತ್ತಾರಾ?

ಅದಕ್ಕೇ ಅಲ್ಲಿ ಯಾರದೋ ದುಡ್ಡಲ್ಲಿ ಸದಸ್ಯರಾದವರ ಪಟ್ಟಿ ಇದೆ. ಸತ್ತವರ, ಊರು ಬಿಟ್ಟವರ ಹೆಸರಿನ ಸದಸ್ಯತ್ವ ಇದೆ. ಬೇರೆ ಬಣದವರ ಅರ್ಜಿಯನ್ನು ಕಳೆದುಹಾಕುವ ಸ್ಥಳೀಯ ಮುಖಂಡರೂ ಇದ್ದಾರೆ, ಇವರಿಗೆ ಪಕ್ಷದಲ್ಲೇ ‘ಗೇಟ್‌ಕೀಪರ್’ ಅಂತ ಹೆಸರು. ಹೊರಗಿನವರು ಹೊರಿಸಿದ ಆರೋಪ ಇದಲ್ಲ. ಈ ಬಾಗಿಲು ಕಾಯುವವರ ಬಗ್ಗೆ 2001ರಲ್ಲೇ ಪಕ್ಷದ ಕಾರ್ಯಕಾರಿ ಸಮಿತಿಯ ಚರ್ಚಾ ಪತ್ರವೊಂದು ಎಚ್ಚರಿಸಿತ್ತು. ಎಚ್ಚರಿಕೆ ಬರೆದವರಿಗೂ ಬಾಗಿಲು ಕಾಯುವವರ ಸಹಾಯ ಬೇಕಿತ್ತು ಅನ್ನುವುದು ಆಮೇಲಿನ ಕತೆ.

ಹಳೆಯ ಅಭ್ಯಾಸ, ಹೊಸ ಅಧಿಕಾರ

ಇದರ ಬೇರು ಸ್ವಲ್ಪ ಹಿಂದಿದೆ. 1912ರಲ್ಲಿ ಹುಟ್ಟಿದ ಎಎನ್‌ಸಿಯನ್ನು 1960ರಲ್ಲಿ ವರ್ಣಭೇದ ಸರ್ಕಾರ ನಿಷೇಧಿಸಿತು. 1990ರವರೆಗೆ ಅದು ದೇಶಭ್ರಷ್ಟ ಸಂಘಟನೆ. ಗೂಢಚಾರರ ಭಯ, ಸಶಸ್ತ್ರ ಹೋರಾಟ, ಹೊರದೇಶದ ಶಿಬಿರಗಳು. ಅಂಥ ಸ್ಥಿತಿಯಲ್ಲಿ ಮೇಲಿನವರು ತೀರ್ಮಾನಿಸುವುದು, ಒಮ್ಮೆ ತೀರ್ಮಾನವಾದ ಮೇಲೆ ಕೆಳಗಿನವರು ಬಾಯಿ ಮುಚ್ಚಿಕೊಂಡು ನಡೆಯುವುದು ಅನಿವಾರ್ಯ ಶಿಸ್ತಾಗಿತ್ತು. ದೇಶದೊಳಗಿದ್ದ ಕಾರ್ಮಿಕ ಸಂಘಗಳು, ಬೀದಿ ಸಮಿತಿಗಳು ಬೇರೆ ಥರ. ಅಲ್ಲಿ ಜಗಳ, ಚರ್ಚೆ, ಕೈ ಎತ್ತಿ ಮತ. ರಾಮಫೋಸಾ ಬಂದದ್ದು ಈ ಎರಡನೆಯ ಕಡೆಯಿಂದ, ಗಣಿ ಕಾರ್ಮಿಕರ ಸಂಘದಿಂದ.

1990ರ ನಂತರ ಎರಡೂ ಅಭ್ಯಾಸ ಒಂದೇ ಪಕ್ಷದೊಳಗೆ ಬೆರೆತವು. ಶಾಖೆಯ ಮತ ಒಂದರಿಂದ ಬಂತು, ಮೇಲಿನವರ ಹಿಡಿತ ಇನ್ನೊಂದರಿಂದ. 1990ರ ದಶಕದ ಕೊನೆಯಲ್ಲಿ ‘ಕೇಡರ್ ನಿಯೋಜನೆ’ ಪದ್ಧತಿ ಸೇರಿತು. ಸರ್ಕಾರಿ ಇಲಾಖೆ, ಸಾರ್ವಜನಿಕ ಉದ್ಯಮಗಳ ದೊಡ್ಡ ಹುದ್ದೆಗಳಿಗೆ ಪಕ್ಷದ ಸಮಿತಿಯೊಂದು ಹೆಸರು ಸೂಚಿಸುವ ಪದ್ಧತಿ ಇದು. ವರ್ಣಭೇದ ಕಾಲದ ಅಧಿಕಾರಶಾಹಿಯನ್ನು ಬದಲಿಸಲು ಬೇರೆ ದಾರಿ ಇರಲಿಲ್ಲ ಅನ್ನುವುದು ಪಕ್ಷದ ವಾದ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪರಿಣಾಮ ನೋಡಿ. ಪಕ್ಷದಲ್ಲಿ ಗೆದ್ದವರಿಗೆ ಹುದ್ದೆ, ಹುದ್ದೆಯ ಜೊತೆ ಟೆಂಡರ್, ಟೆಂಡರ್ ಪಡೆದವರಿಂದ ಮುಂದಿನ ಸಮ್ಮೇಳನಕ್ಕೆ ದುಡ್ಡು. ದುಡಿಯುವ ಜನರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಕೆಲಸವಿಲ್ಲದ ದೇಶದಲ್ಲಿ ನಗರಸಭೆಯ ಸದಸ್ಯತ್ವವೇ ಒಂದು ಕುಟುಂಬಕ್ಕೆ ಮಧ್ಯಮ ವರ್ಗದ ಬದುಕು. ಕ್ವಾಝುಲು-ನಟಾಲ್ ಪ್ರಾಂತದಲ್ಲಿ ವಾರ್ಡ್ ಟಿಕೆಟ್‌ಗಾಗಿ ಕೊಲೆಗಳೇ ನಡೆದವು, ಅವನ್ನು ಪರಿಶೀಲಿಸಲು ಮೊಯೆರಾನೆ ಆಯೋಗ ನೇಮಿಸಬೇಕಾಯಿತು. ಸತ್ತವರಲ್ಲಿ ಎಎನ್‌ಸಿಯವರೇ ಬಹಳ ಮಂದಿ, ಅದೂ ಪಕ್ಷದೊಳಗಿನ ಪೈಪೋಟಿಯಲ್ಲಿ.

ಎಂಪುಮಲಾಂಗದ ಲೆಕ್ಕ

2017ರ ನಾಸ್ರೆಕ್ ಸಮ್ಮೇಳನ ಈ ಇಡೀ ವ್ಯವಸ್ಥೆಯನ್ನು ಬಿಡಿಸಿ ತೋರಿಸುತ್ತದೆ. ಒಂದು ಕಡೆ ರಾಮಫೋಸಾ. ಇನ್ನೊಂದು ಕಡೆ ಎನ್‌ಕೊಸಜಾನ ದ್ಲಾಮಿನಿ-ಜುಮಾ, ಜುಮಾ ಅವರ ಮಾಜಿ ಪತ್ನಿ, ಅವರ ಬಣದ ಅಭ್ಯರ್ಥಿ.

ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ ಇರುವ ಗೌಟೆಂಗ್ ದೇಶದ ಅತಿ ಹೆಚ್ಚು ಜನರಿರುವ ಪ್ರಾಂತ. ಅದಕ್ಕೆ ಸಿಕ್ಕ ಶಾಖಾ ಪ್ರತಿನಿಧಿಗಳು 508. ಗೌಟೆಂಗ್‌ನ ಮೂರನೇ ಒಂದರಷ್ಟು ಜನಸಂಖ್ಯೆಯೂ ಇಲ್ಲದ ಎಂಪುಮಲಾಂಗಕ್ಕೆ 736! ಪ್ರತಿನಿಧಿಗಳ ಸಂಖ್ಯೆ ನಿಗದಿಯಾಗುವುದು ಜನಸಂಖ್ಯೆಯ ಮೇಲಲ್ಲ, ಪಕ್ಷಕ್ಕೆ ಬಿದ್ದ ಮತದ ಮೇಲೂ ಅಲ್ಲ, ಶುಲ್ಕ ಕಟ್ಟಿದ ಸದಸ್ಯರ ಮೇಲೆ. ಎಂಪುಮಲಾಂಗದ ಮುಖ್ಯಸ್ಥ ಡೇವಿಡ್ ಮಬೂಜಾ ವರ್ಷಗಟ್ಟಲೆ ಸದಸ್ಯತ್ವ ಬೆಳೆಸುತ್ತಾ ಬಂದಿದ್ದರು. ನಾಮನಿರ್ದೇಶನದ ಹೊತ್ತಿಗೆ ಅಲ್ಲಿನ ಇನ್ನೂರಕ್ಕೂ ಜಾಸ್ತಿ ಶಾಖೆಗಳು ಯಾವ ಅಭ್ಯರ್ಥಿಯ ಹೆಸರನ್ನೂ ಬರೆಯದೆ ‘ಐಕ್ಯತೆ’ ಅಂತ ಬರೆದು ಕಳಿಸಿದವು. ಅಂದರೆ ಕೊನೆ ಗಳಿಗೆವರೆಗೂ ಆ ಮತಗಳು ಮಬೂಜಾ ಕೈಯಲ್ಲೇ ಇರಲಿ ಅಂತ.

ರಾಮಫೋಸಾಗೆ 2,440, ದ್ಲಾಮಿನಿ-ಜುಮಾಗೆ 2,261. ಅಂತರ 179. ಮಬೂಜಾ ಪಕ್ಷದ ಉಪಾಧ್ಯಕ್ಷರಾದರು, ಮುಂದೆ ದೇಶದ ಉಪಾಧ್ಯಕ್ಷರೂ ಆದರು. ಪ್ರಧಾನ ಕಾರ್ಯದರ್ಶಿ ಸ್ಥಾನ ಕೇವಲ 24 ಮತಗಳಿಂದ ಜುಮಾ ಬಣದ ಏಸ್ ಮಗಷೂಲೆ ಪಾಲಾಯಿತು. ಶಾಖೆಗಳ ಲೆಕ್ಕಪತ್ರ ಇರುವುದು ಆ ಕಚೇರಿಯಲ್ಲೇ. ಹೊರಗಿನವರು ‘ರಾಮಫೋಸಾ ಗೆದ್ದರು, ಇನ್ನು ಪಕ್ಷ ಶುದ್ಧವಾಗುತ್ತದೆ’ ಅಂದುಕೊಂಡರು. ಆದರೆ ಎದುರಾಳಿ ಬಣ ಮುಖ್ಯ ಹುದ್ದೆಗಳಲ್ಲಿ ಅರ್ಧ ಹಿಡಿದಿತ್ತು. ಮಗಷೂಲೆಯನ್ನು ಅಮಾನತು ಮಾಡಲು 2021ರವರೆಗೆ ಕಾಯಬೇಕಾಯಿತು, ಉಚ್ಚಾಟನೆ ಆದದ್ದು 2023ರಲ್ಲಿ. ರಾಮಫೋಸಾ ನಿಧಾನ ಅನ್ನುವ ದೂರಿಗೆ ಅವರ ಸ್ವಭಾವ ಎಷ್ಟು ಕಾರಣವೋ ಈ ಅಂಕಗಣಿತವೂ ಅಷ್ಟೇ ಕಾರಣ.

ದುಡ್ಡು ಒಳಗೆ ಬರುವ ಎರಡು ದಾರಿ

ಮೊದಲನೆಯದು ಸಮ್ಮೇಳನಕ್ಕೆ ಮುಂಚೆ. ರಾಮಫೋಸಾ ಅವರ 2017ರ ಪ್ರಚಾರಕ್ಕೆ ‘ಸಿಆರ್17’ ಅಂತ ಹೆಸರು. ಅದು ಉದ್ಯಮಿಗಳಿಂದ ಹತ್ತಾರು ಕೋಟಿ ರ‍್ಯಾಂಡ್ ಸಂಗ್ರಹಿಸಿತು. ಸರ್ಕಾರಿ ಗುತ್ತಿಗೆ ಪಡೆಯುತ್ತಿದ್ದ ಬೊಸಾಸಾ ಕಂಪನಿಯ ಮುಖ್ಯಸ್ಥ ಕೊಟ್ಟ 5 ಲಕ್ಷ ರ‍್ಯಾಂಡ್ ವಿಷಯ 2018ರಲ್ಲಿ ಸಂಸತ್ತಿನಲ್ಲೇ ಎದ್ದಿತು. ಆಮೇಲೆ ಅದು ನ್ಯಾಯಾಲಯಕ್ಕೆ ಹೋಯಿತು. 2021ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ರಾಮಫೋಸಾ ಪರವಾಗಿ ತೀರ್ಪು ಕೊಟ್ಟಿತು. ದುಡ್ಡಿನಿಂದ ಅವರಿಗೆ ವೈಯಕ್ತಿಕ ಲಾಭ ಆಗಿಲ್ಲ, ಹಾಗಾಗಿ ಸಚಿವರ ನೀತಿಸಂಹಿತೆಯಡಿ ಅದನ್ನು ಘೋಷಿಸಬೇಕಾಗಿರಲಿಲ್ಲ ಅಂತ.

ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು. ಆದರೆ ಅದು ತೋರಿಸಿದ ಕಂಡಿ ದೊಡ್ಡದು. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪಕ್ಷಗಳ ದೇಣಿಗೆ ಕಾಯ್ದೆ, ಒಂದು ಮಿತಿ ಮೀರಿದ ದೇಣಿಗೆಯನ್ನು ಪಕ್ಷಗಳು ಬಹಿರಂಗಪಡಿಸಬೇಕು ಅನ್ನುತ್ತದೆ. ಪಕ್ಷದೊಳಗಿನ ಚುನಾವಣೆಗೆ ಅಭ್ಯರ್ಥಿ ಎತ್ತುವ ದುಡ್ಡಿನ ಬಗ್ಗೆ ಅದು ಮಾತಾಡುವುದಿಲ್ಲ. ದೇಶದ ಅಧ್ಯಕ್ಷರು ನಿಜವಾಗಿ ನಿರ್ಧಾರವಾಗುವ ಜಾಗದಲ್ಲಿ ಯಾರು ಎಷ್ಟು ಹಾಕಿದರು ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ. ಮೊಟ್ಸೆಪೆ ಥರದ ಹೆಸರು ಕೇಳಿದ ತಕ್ಷಣ ಜನ ಕಿವಿ ನಿಮಿರಿಸುವುದು ಇದಕ್ಕೇ. ಅವರಿಗೆ ಬೇರೆಯವರ ಬಳಿ ದುಡ್ಡು ಕೇಳುವ ಅಗತ್ಯವೂ ಇಲ್ಲ.

ಎರಡನೆಯ ದಾರಿ ಸಮ್ಮೇಳನದ ನಂತರದ್ದು. ಗೆದ್ದವರನ್ನೇ ಹಿಡಿದುಕೊಳ್ಳುವುದು. ಉತ್ತರ ಪ್ರದೇಶದ ಸಹಾರನ್‌ಪುರದಿಂದ ಹೋಗಿ ಕಂಪ್ಯೂಟರ್ ವ್ಯಾಪಾರದಿಂದ ಶುರು ಮಾಡಿದ ಗುಪ್ತಾ ಸಹೋದರರ ಕತೆ ನಮ್ಮ ಓದುಗರಿಗೆ ಗೊತ್ತಿರಬಹುದು. ಜುಮಾ ಮಗ ಅವರ ವ್ಯಾಪಾರದಲ್ಲಿ ಪಾಲುದಾರ. ಹಣಕಾಸು ಸಚಿವ ಸ್ಥಾನ ಕೊಡಿಸುತ್ತೇವೆ, ಜೊತೆಗೆ 60 ಕೋಟಿ ರ‍್ಯಾಂಡ್ ಅಂತ ತಮಗೆ ಆಮಿಷ ಬಂದಿತ್ತು ಎಂದು ಆಗಿನ ಉಪ ಹಣಕಾಸು ಸಚಿವ ಮ್ಸೆಬಿಸಿ ಜೊನಾಸ್ ಹೇಳಿದರು. ಗುಪ್ತಾಗಳು ಅದನ್ನು ನಿರಾಕರಿಸಿದರು. 2015ರ ಡಿಸೆಂಬರ್ 9ರಂದು ಹಣಕಾಸು ಸಚಿವ ನ್ಹ್ಲಾನ್ಹ್ಲಾ ನೆನೆ ವಜಾ ಆದರು. ಅವರ ಜಾಗಕ್ಕೆ ಬಂದ ಡೆಸ್ ವಾನ್ ರೂಯೆನ್ ನಾಲ್ಕೇ ದಿನದಲ್ಲಿ ಹೋದರು, ಯಾಕೆಂದರೆ ರ‍್ಯಾಂಡ್ ಬೆಲೆ ಕುಸಿದು ಪಕ್ಷದ ಹಿರಿಯರೂ ಬ್ಯಾಂಕುಗಳೂ ಗಾಬರಿಯಾಗಿದ್ದರು.

ಈ ಎರಡನೆಯ ದಾರಿಗೆ ಪ್ರತಿನಿಧಿಗಳ ಮತ ಬೇಕಿಲ್ಲ. ನೆನೆ ವಜಾ ಆಗುತ್ತಾರೆ ಅಂತ ಶಾಖೆಗಳಿಗೆ ಇರಲಿ, ಪಕ್ಷದ ದೊಡ್ಡವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಐದು ವರ್ಷಕ್ಕೊಮ್ಮೆ ಪ್ರಜಾಪ್ರಭುತ್ವ, ನಡುವೆ ಒಬ್ಬರ ಮರ್ಜಿ.

ಸಂಸತ್ತು ಯಾಕೆ ತಡೆಯಲಿಲ್ಲ?

ಪಟ್ಟಿ ಪದ್ಧತಿಯಲ್ಲಿ ಸಂಸದರಿಗೆ ತಮ್ಮದೇ ಕ್ಷೇತ್ರ ಇಲ್ಲ. ಪಕ್ಷ ಉಚ್ಚಾಟಿಸಿದರೆ ಸ್ಥಾನವೂ ಹೋಗುತ್ತದೆ. 2017ರ ಆಗಸ್ಟ್ 8ರಂದು ಜುಮಾ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಗುಪ್ತ ಮತದಾನ ನಡೆಯಿತು. ಪರ 177, ವಿರುದ್ಧ 198. ಎಎನ್‌ಸಿಯ ಇಪ್ಪತ್ತಕ್ಕೂ ಜಾಸ್ತಿ ಸಂಸದರು ಗುಟ್ಟಾಗಿ ವಿರೋಧ ಪಕ್ಷಗಳ ಜೊತೆ ಹಾಕಿರಲೇಬೇಕು, ಆದರೂ ನಿರ್ಣಯ ಬಿತ್ತು. ಆರು ತಿಂಗಳ ಮೇಲೆ ಪಕ್ಷ ವಾಪಸ್ ಕರೆಸಿಕೊಂಡಾಗ ಜುಮಾ ಹೊರಡಲೇಬೇಕಾಯಿತು. ಜುಮಾ ಕಾಲದ ಅಕ್ರಮಗಳ ತನಿಖೆ ನಡೆಸಿದ ಜೊಂಡೊ ಆಯೋಗ 2022ರ ವರದಿಯಲ್ಲಿ ಸಂಸತ್ತನ್ನೂ ಬಿಡಲಿಲ್ಲ, ಕೇಡರ್ ನಿಯೋಜನೆಯನ್ನೂ ಬಿಡಲಿಲ್ಲ. 2012ರಿಂದ 2017ರವರೆಗೆ ಆ ನಿಯೋಜನಾ ಸಮಿತಿಯ ಮುಖ್ಯಸ್ಥರಾಗಿದ್ದದ್ದು ರಾಮಫೋಸಾ ಅವರೇ.

ತಡೆ ಬಂದದ್ದು ನ್ಯಾಯಾಲಯಗಳಿಂದ. ರಾಜಕೀಯ ಪಕ್ಷದ ಚಟುವಟಿಕೆಯಲ್ಲಿ ಪಾಲ್ಗೊಳ್ಳುವುದನ್ನು ಸಂವಿಧಾನದ 19ನೇ ವಿಧಿ ಮೂಲಭೂತ ಹಕ್ಕಾಗಿಸಿದೆ. 2012ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದನ್ನೇ ಹಿಡಿದು ಫ್ರೀ ಸ್ಟೇಟ್ ಪ್ರಾಂತದ ಎಎನ್‌ಸಿ ಸಮ್ಮೇಳನವನ್ನು ರದ್ದು ಮಾಡಿತು. ಪಕ್ಷ ತನ್ನದೇ ನಿಯಮ ಮುರಿದರೆ ಸಾಮಾನ್ಯ ಸದಸ್ಯನೂ ಕೋರ್ಟಿಗೆ ಹೋಗಬಹುದು ಅನ್ನುವುದು ಆಗ ಗಟ್ಟಿಯಾಯಿತು. 2017ರಲ್ಲಿ ಹೈಕೋರ್ಟ್ ಕ್ವಾಝುಲು-ನಟಾಲ್‌ನ 2015ರ ಸಮ್ಮೇಳನವನ್ನು ಅಸಿಂಧು ಅಂತ ಸಾರಿತು. ಒಳ್ಳೆಯದೇ. ಆದರೆ ಎರಡು ವರ್ಷದ ಮೇಲೆ ಬಂದ ತೀರ್ಪು ಅಷ್ಟರಲ್ಲಿ ಹಂಚಿಹೋಗಿದ್ದ ಹುದ್ದೆಗಳನ್ನು ವಾಪಸ್ ತರಲಿಲ್ಲ.

ಒಳಚುನಾವಣೆಯೇ ಬೇಡ ಅನ್ನುವವರು

ಇಷ್ಟೆಲ್ಲ ಗೋಜಲು ಯಾಕೆ, ಒಬ್ಬ ಗಟ್ಟಿ ನಾಯಕ ಇದ್ದರೆ ಸಾಕಲ್ವಾ ಅನ್ನುವವರೂ ಇದ್ದಾರೆ. ಅದರ ಮಾದರಿ ಅಲ್ಲೇ ಸಿಗುತ್ತದೆ. ಜೂಲಿಯಸ್ ಮಲೆಮಾ ಅವರ ಇಎಫ್‌ಎಫ್ ಪಕ್ಷದಲ್ಲಿ ನಾಯಕನ ಸ್ಥಾನಕ್ಕೆ ಸ್ಪರ್ಧೆಯೇ ನಡೆದಿಲ್ಲ. ಜುಮಾ 2023ರ ಕೊನೆಯಲ್ಲಿ ಮುಂದೆ ನಿಂತು ಪ್ರಕಟಿಸಿದ ಎಂಕೆ ಪಕ್ಷ ಆರೇ ತಿಂಗಳಲ್ಲಿ ಶೇ 14.58 ಮತ, 58 ಸ್ಥಾನ ಪಡೆಯಿತು. ಅಲ್ಲಿ ಪದಾಧಿಕಾರಿಗಳನ್ನು ಜುಮಾ ನೇಮಿಸುತ್ತಾರೆ, ಜುಮಾ ತೆಗೆಯುತ್ತಾರೆ. ಪ್ರಧಾನ ಕಾರ್ಯದರ್ಶಿಗಳು ಬಂದದ್ದೂ ಹೋದದ್ದೂ ಲೆಕ್ಕ ಇಡುವುದು ಕಷ್ಟ. ಮತ ಮಾರಾಟ ಇಲ್ಲ ನಿಜ, ಮತವೇ ಇಲ್ಲವಲ್ಲ. ಪ್ರಭಾವ ಬೇಕಾದವರು ನಾಲ್ಕೂವರೆ ಸಾವಿರ ಜನರ ಬದಲು ಒಬ್ಬರನ್ನು ಒಲಿಸಿಕೊಂಡರೆ ಆಯಿತು, ಖರ್ಚೂ ಕಡಿಮೆ.

ಮದ್ದು ಯಾವುದು?

ಒಂದು ವಾದ, ಸಂಸದರಿಗೆ ಕ್ಷೇತ್ರ ಕೊಡಿ ಅನ್ನುತ್ತದೆ. ಚುನಾವಣಾ ಪದ್ಧತಿ ಪರಿಶೀಲಿಸಿದ ವಾನ್ ಜೈಲ್ ಸ್ಲಾಬರ್ಟ್ ಸಮಿತಿಯ ಬಹುಮತ 2003ರಲ್ಲೇ ಇದನ್ನು ಹೇಳಿತ್ತು, ಆಗಿನ ಸರ್ಕಾರ ಮೂಲೆಗಿಟ್ಟಿತು. 2020ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಸ್ವತಂತ್ರ ಅಭ್ಯರ್ಥಿಗಳಿಗೂ ಅವಕಾಶ ಕೊಡಲೇಬೇಕು ಅಂದಮೇಲೆ ಕಾನೂನು ಬದಲಾಯಿತು, ಆದರೆ 2024ರಲ್ಲಿ ಒಬ್ಬ ಸ್ವತಂತ್ರರೂ ಸಂಸತ್ತಿಗೆ ಬರಲಿಲ್ಲ. ಇನ್ನೊಂದು ವಾದ, ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಲಿ ಅನ್ನುವುದು. ಜೊಂಡೊ ವರದಿಯೂ ಇದನ್ನು ಪರಿಶೀಲಿಸಿ ಅಂದಿತು. ಆದರೆ ನೇರ ಚುನಾವಣೆಗೆ ಟಿಕೆಟ್ ಕೊಡುವುದು ಮತ್ತೆ ಪಕ್ಷವೇ ತಾನೆ?

ಮೂರನೆಯದು, ಪ್ರತಿನಿಧಿಗಳನ್ನು ಬಿಟ್ಟು ಎಲ್ಲ ಸದಸ್ಯರೂ ನಾಯಕನಿಗೆ ಮತ ಹಾಕಲಿ ಅನ್ನುವುದು. ಲಕ್ಷಾಂತರ ಜನರನ್ನು ಕೊಳ್ಳುವುದು ದುಬಾರಿ, ಅದು ನಿಜ. ಆದರೆ ಸದಸ್ಯರ ಪಟ್ಟಿಯೇ ಸುಳ್ಳಾದರೆ ಈ ಮದ್ದು ರೋಗವನ್ನೇ ಹೆಚ್ಚಿಸುತ್ತದೆ, ಯಾಕೆಂದರೆ ಹೆಸರು ತುಂಬಿಸಿದವರಿಗೆ ನೇರ ಮತವೇ ಸಿಕ್ಕಂತೆ. ಎಎನ್‌ಸಿಯ ಹಳಬರು ಇದನ್ನು ಒಪ್ಪುವುದಿಲ್ಲ. ಶಾಖೆಯಲ್ಲಿ ಕೂತು ವಾದಿಸಿ ತೀರ್ಮಾನಿಸುವುದೇ ತಮ್ಮ ಪರಂಪರೆ ಅನ್ನುತ್ತಾರೆ.

ಇವೆಲ್ಲಕ್ಕಿಂತ ಕಡಿಮೆ ಖರ್ಚಿನ, ಆದರೆ ಕಡಿಮೆ ಜನ ಕೇಳುವ ದಾರಿ ನಾಲ್ಕನೆಯದು. ದೇಣಿಗೆ ಕಾಯ್ದೆಯನ್ನು ಪಕ್ಷದೊಳಗಿನ ಚುನಾವಣೆಗೂ ವಿಸ್ತರಿಸುವುದು. ಯಾರು ಯಾರಿಗೆ ಕೊಟ್ಟರು ಅಂತ ಮತದಾನಕ್ಕೆ ಮುಂಚೆ ಗೊತ್ತಾದರೆ ಶಾಖೆಯವರೂ ಪ್ರಶ್ನೆ ಕೇಳಬಹುದು, ಪತ್ರಿಕೆಗಳೂ ಕೇಳಬಹುದು. ಕಾನೂನು ಮಾಡಬೇಕಾದ ಸಂಸದರು ಇದೇ ಬಣಗಳ ಪಟ್ಟಿಯಿಂದ ಬಂದವರು, ಆದ್ದರಿಂದ ಅವಸರ ಯಾರಿಗೂ ಇಲ್ಲ.

2027ರಲ್ಲಿ ಬೇರೆ ಏನಿದೆ?

2024ರಲ್ಲಿ ಎಎನ್‌ಸಿಗೆ ಬಂದದ್ದು ಶೇ 40.18 ಮತ, 159 ಸ್ಥಾನ. ರಾಮಫೋಸಾ ಎರಡನೇ ಅವಧಿಗೆ ಅಧ್ಯಕ್ಷರಾದದ್ದು ಅಲ್ಲಿಯವರೆಗೆ ವಿರೋಧ ಪಕ್ಷವಾಗಿದ್ದ, ಉದ್ಯಮಪರ ಡೆಮಾಕ್ರಟಿಕ್ ಅಲಯನ್ಸ್ ಸೇರಿದಂತೆ ಬೇರೆ ಪಕ್ಷಗಳ ಮತದಿಂದ. ಅಂದರೆ ಪಕ್ಷದ ಸಮ್ಮೇಳನ ಆರಿಸಿದವರು ತಾನಾಗಿ ದೇಶದ ಅಧ್ಯಕ್ಷರಾಗುವ ಕಾಲ ಮುಗಿದಿದೆ. ಹೊಸ ಮುಖ್ಯಸ್ಥರು ರಾಮಫೋಸಾರನ್ನು ಮಧ್ಯದಲ್ಲೇ ಇಳಿಸಲು ಹೊರಟರೆ, ಅವರ ಜಾಗಕ್ಕೆ ಬರುವವರಿಗೆ ಸಂಸತ್ತಿನಲ್ಲಿ ಬಹುಮತ ಬೇಕು. ಅದು ಎಎನ್‌ಸಿ ಬಳಿ ಇಲ್ಲ.

ಇದರಿಂದ ಎರಡು ಪರಿಣಾಮ ಆಗಬಹುದು. ಮಿತ್ರಪಕ್ಷಗಳು ಒಪ್ಪದ ಅಭ್ಯರ್ಥಿಯನ್ನು ಆರಿಸಲು ಪ್ರತಿನಿಧಿಗಳು ಹಿಂಜರಿಯಬಹುದು, ಆಗ ಎಎನ್‌ಸಿಯ ಒಳಚುನಾವಣೆಗೆ ಹೊರಗಿನವರ ನೆರಳು ಬೀಳುತ್ತದೆ, ಉದ್ಯಮ ವಲಯಕ್ಕೆ ಹಿಡಿಸುವವರಿಗೆ ಅನುಕೂಲ. ಇಲ್ಲವೇ ‘ನಮ್ಮ ನಾಯಕನನ್ನು ಹೊರಗಿನವರು ಆರಿಸಬೇಕಾ’ ಅನ್ನುವ ಸಿಟ್ಟು ಎದ್ದು, ಮೈತ್ರಿಯನ್ನು ಮುರಿಯುತ್ತೇನೆ ಅನ್ನುವವರೇ ಗೆಲ್ಲಬಹುದು. ಆಗ ಸರ್ಕಾರ ಉಳಿಸಿಕೊಳ್ಳಲು ಮಲೆಮಾ ಅಥವಾ ಜುಮಾ ಬಾಗಿಲು ತಟ್ಟಬೇಕು.

ಹಂಚಲು ಇರುವ ಹುದ್ದೆ, ಟೆಂಡರ್ ಕಡಿಮೆಯಾದಾಗ ಪೈಪೋಟಿ ತಣ್ಣಗಾಗುತ್ತದೆ ಅಂತ ಎಣಿಸುವುದು ತಪ್ಪು, ಉಳಿದದ್ದಕ್ಕೆ ಜಗಳ ಇನ್ನೂ ಜೋರಾಗುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಅಭ್ಯರ್ಥಿಗಳ ಭಾಷಣಕ್ಕಿಂತ ಮೊದಲು ಸಿಗುವ ಸುಳಿವು ಬೇರೆ. ಸಮ್ಮೇಳನಕ್ಕೆ ಯಾವ ಪ್ರಾಂತದಿಂದ ಎಷ್ಟು ಪ್ರತಿನಿಧಿಗಳು ಅನ್ನುವ ಪಟ್ಟಿ ಹೊರಬಿದ್ದ ದಿನ ಎಂಪುಮಲಾಂಗ ಮತ್ತು ಗೌಟೆಂಗ್‌ನ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾರು ಎಲ್ಲಿ ದುಡ್ಡು ಹಾಕಿದ್ದಾರೆ ಅನ್ನುವುದು ಅಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.